ಹೊರಗುಳಿದವರ ಹಕ್ಕಿ

ನೆಲದ ಮೇಲೆ ನಡೆಯುವ ಮನುಷ್ಯನಿಗೆ ಆಕಾಶದಲ್ಲಿ ಹಾರುವ ಹಕ್ಕಿ ಎಂದಿನಿಂದಲೂ ಬೆರಗಿನ ವಸ್ತು. ಗೋಡೆ ಅದನ್ನು ತಡೆಯದು. ಹೊಳೆ ಅದಕ್ಕೆ ಅಡ್ಡಿಯಾಗದು. ರಾಜ್ಯ ರಾಜ್ಯಗಳ ನಡುವಣ ಎಲ್ಲೆಯನ್ನು ಅದು ಅರಿಯದು. ಆದುದರಿಂದಲೇ ಲೋಕದ ಅನೇಕ ಭಾಷೆಗಳ ಕವಿಗಳು ತಮ್ಮ ಮನಸ್ಸಿನ ಮಾತಿಗೆ ಹಕ್ಕಿಯನ್ನು ಸಂಕೇತವಾಗಿ ಬಳಸಿದ್ದಾರೆ. ಸಂಕೇತವೆಂದರೆ ಕಣ್ಣಿಗೆ ಕಾಣುವ ವಸ್ತುವೊಂದರ ಮೂಲಕ ಕಾಣದ ಭಾವವೊಂದನ್ನು ತಿಳಿಸುವ ಬಗೆ. ಪಾರಿವಾಳವನ್ನು ಕಂಡಾಗ ಶಾಂತಿ ನೆನಪಾಗುವುದು ಇಂತಹ ಸಂಕೇತದ ಬಲದಿಂದ.

ಯೂರೋಪಿನ ನಡುಭಾಗದಲ್ಲಿರುವ ಹಂಗೇರಿ ದೇಶದ ಸಾಹಿತ್ಯ ಮತ್ತು ಸಂಗೀತಗಳಲ್ಲಿ ಈ ಸಂಕೇತಕ್ಕೆ ಒಂದು ವಿಶೇಷವಾದ ಅರ್ಥ ಒದಗಿದೆ. ಅಲ್ಲಿ ಹಕ್ಕಿ ಮತ್ತೆ ಮತ್ತೆ ಹೊರಗಿನವರ ಒಡನಾಡಿಯಾಗಿ ಬರುತ್ತದೆ. ಹೊರಗಿನವನೆಂದರೆ ಪರದೇಶದಿಂದ ಬಂದವನು ಮಾತ್ರವಲ್ಲ. ತನ್ನ ಊರಿನಲ್ಲಿಯೇ ಇದ್ದರೂ ಊರವರು ತಮ್ಮವನೆಂದು ಒಪ್ಪದವನು, ಕಾನೂನಿಗೆ ಹೆದರಿ ಕಾಡು ಸೇರಿದವನು, ಸೆರೆಮನೆಯ ಕತ್ತಲಿನಲ್ಲಿ ದಿನ ಎಣಿಸುವವನು, ಸ್ವಾತಂತ್ರ್ಯಕ್ಕಾಗಿ ಹೋರಾಡಿ ಸೋತು ದೇಶ ಬಿಟ್ಟವನು, ಇವರೆಲ್ಲರೂ ಹೊರಗಿನವರೇ. ಇಂಥವರ ಪಾಡನ್ನು ಹೇಳಬೇಕಾದಾಗ ಹಂಗೇರಿಯ ಜನಪದರೂ ಕವಿಗಳೂ ಸಂಗೀತಗಾರರೂ ಒಂದಲ್ಲ ಒಂದು ಹಕ್ಕಿಯನ್ನು ಕರೆದಿದ್ದಾರೆ. ಅದು ಏಕೆ ಹಾಗಾಯಿತೆಂಬುದನ್ನು ತಿಳಿಯಲು ಆ ದೇಶದ ಚರಿತ್ರೆಯ ಕಡೆಗೆ ಒಮ್ಮೆ ನೋಡಬೇಕು.

ಹಂಗೇರಿ ಚಿಕ್ಕ ದೇಶ. ಅದರ ಜನಸಂಖ್ಯೆ ಒಂದು ಕೋಟಿಗಿಂತ ತುಸು ಕಡಿಮೆ. ಡಾನ್ಯೂಬ್ ಮತ್ತು ಟಿಸಾ ಎಂಬ ಎರಡು ದೊಡ್ಡ ನದಿಗಳು ಅದರ ಬಯಲುಗಳಲ್ಲಿ ಹರಿಯುತ್ತವೆ. ಅಲ್ಲಿಯ ಜನ ತಮ್ಮನ್ನು ಮಜ್ಯಾರರೆಂದು ಕರೆದುಕೊಳ್ಳುತ್ತಾರೆ. ಅವರ ಪೂರ್ವಿಕರು ಕುದುರೆಗಳನ್ನೇರಿ ಪೂರ್ವದ ಹುಲ್ಲುಗಾವಲುಗಳಿಂದ ಬಂದು, 9ನೆಯ ಶತಮಾನದ ಕೊನೆಯಲ್ಲಿ ಈ ನಾಡಿನಲ್ಲಿ ನೆಲೆಸಿದರು. ಅವರ ಭಾಷೆ ನೆರೆಹೊರೆಯ ಜರ್ಮನ್, ಸ್ಲಾವ್, ರುಮೇನಿಯನ್ ಭಾಷೆಗಳಾವುದಕ್ಕೂ ಹತ್ತಿರದ ನಂಟಿನದಲ್ಲ. ದೂರದ ಫಿನ್‌ಲೆಂಡ್, ಎಸ್ಟೋನಿಯಾಗಳ ಭಾಷೆಗಳಿಗೆ ಅದು ಬಂಧು. ಹೀಗೆ ಯೂರೋಪಿನ ನಡುವೆ ಇದ್ದರೂ ಮಜ್ಯಾರರು ಮೊದಮೊದಲು ತಾವೇ ಹೊರಗಿನವರಾಗಿದ್ದರು.

ಅವರ ಮೂಲಕಥೆಯಲ್ಲಿಯೂ ಒಂದು ಹಕ್ಕಿಯಿದೆ. ಅದರ ಹೆಸರು ತುರುಲ್. ಡೇಗೆಯನ್ನು ಹೋಲುವ ಪುರಾಣದ ಪಕ್ಷಿ. ಎಮೆಶೆ ಎಂಬ ರಾಜಸ್ತ್ರೀಯ ಕನಸಿನಲ್ಲಿ ಈ ಹಕ್ಕಿ ಕಾಣಿಸಿಕೊಂಡಿತೆಂದೂ, ಅವಳಿಂದ ಹೊಳೆಯೊಂದು ಹುಟ್ಟಿ ಪರನಾಡಿನಲ್ಲಿ ಹರಡಿಕೊಂಡಿತೆಂದೂ, ಅವಳ ಸಂತತಿಯವರೇ ಮಜ್ಯಾರರ ಅರಸರಾದರೆಂದೂ ಐತಿಹ್ಯ ಹೇಳುತ್ತದೆ. ಸುಮಾರು 1200ರ ವೇಳೆಗೆ ಹೆಸರು ತಿಳಿಯದ ಲೇಖಕನೊಬ್ಬ ಈ ಕಥೆಯನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಕಾಲ ಕಳೆದಂತೆ ತುರುಲ್ ಅರಸೊತ್ತಿಗೆಯ, ಗೆಲುವಿನ ಚಿಹ್ನೆಯಾಯಿತು. ಇಂದಿನ ಟಾಟಾಬಾನ್ಯಾ ನಗರದ ಬಳಿ ಬೆಟ್ಟದ ಮೇಲೆ 1907ರಲ್ಲಿ ನಿಲ್ಲಿಸಿದ ಕಂಚಿನ ತುರುಲ್‌ನ ರೆಕ್ಕೆಗಳ ಹರವು ಸುಮಾರು 15 ಮೀಟರು. ಅಲೆದು ಬಂದವರ ಹಕ್ಕಿ ಹೀಗೆ ನೆಲೆನಿಂತವರ ಹಕ್ಕಿಯಾಯಿತು. ಆಗ ಹೊರಗೆ ಉಳಿದವರು ತಮಗೆ ಬೇರೆ ಹಕ್ಕಿಗಳನ್ನು ಅರಸಿಕೊಳ್ಳಬೇಕಾಯಿತು.

ಅವುಗಳಲ್ಲಿ ಮೊದಲನೆಯದು ನವಿಲು. ನವಿಲಿನ ತವರು ಯೂರೋಪಲ್ಲ, ನಮ್ಮ ಭಾರತ. 1963ರಲ್ಲಿ ನಮ್ಮ ರಾಷ್ಟ್ರಪಕ್ಷಿಯೆಂಬ ಗೌರವ ಪಡೆದ ಈ ಹಕ್ಕಿ ಕ್ರಿಸ್ತಪೂರ್ವ ಕಾಲದಲ್ಲಿಯೇ ಗ್ರೀಸ್ ದೇಶವನ್ನು ತಲುಪಿ, ಅಲ್ಲಿಂದ ಮುಂದೆ ಯೂರೋಪಿನ ಶ್ರೀಮಂತರ ತೋಟಗಳನ್ನು ಸೇರಿತು. ಹಂಗೇರಿಯ ಹಳ್ಳಿಗನಿಗೆ ನವಿಲು ದಿನವೂ ಕಾಣುವ ಹಕ್ಕಿಯಾಗಿರಲಿಲ್ಲ. ಎಲ್ಲಿಂದಲೋ ಬಂದ ಬೆಡಗಿನ ಹಕ್ಕಿಯಾಗಿತ್ತು. ಬಹುಶಃ ಆ ಕಾರಣದಿಂದಲೇ ಅವನು ತನ್ನ ಹಾಡಿನಲ್ಲಿ ಒಂದು ಅಸಾಧಾರಣವಾದ ಕೆಲಸವನ್ನು ಅದಕ್ಕೆ ವಹಿಸಿದನು. ಜಿಲ್ಲಾ ಕಚೇರಿಯ ಮೇಲೆ ಹಾರಿ ಬಂದು, ಅಲ್ಲಿ ಸೆರೆಯಲ್ಲಿರುವ ಬಡವರಿಗೆ ಬಿಡುಗಡೆ ತರುವುದೇ ಆ ಕೆಲಸ.

ಇಲ್ಲಿ ಜಿಲ್ಲಾ ಕಚೇರಿಯ ಮಾತು ಬಂದುದಕ್ಕೆ ಕಾರಣವುಂಟು. ಹಿಂದಿನ ಹಂಗೇರಿಯಲ್ಲಿ ಪ್ರತಿಯೊಂದು ಜಿಲ್ಲೆಯ ಆಡಳಿತವೂ ಅಲ್ಲಿನ ಜಮೀನ್ದಾರ ಕುಲೀನರ ಕೈಯಲ್ಲಿತ್ತು. ಅವರು ಸಭೆ ಸೇರುವ ದೊಡ್ಡ ಕಟ್ಟಡದಲ್ಲಿಯೇ ನ್ಯಾಯಸ್ಥಾನವೂ ಸೆರೆಮನೆಯೂ ಇರುತ್ತಿದ್ದವು. ಮೇಲಿನ ಸಭಾಂಗಣದಲ್ಲಿ ಔತಣ, ಕೆಳಗಿನ ನೆಲಮನೆಯಲ್ಲಿ ಸಂಕೋಲೆ. ಜೀತದಿಂದ ಬೇಸತ್ತು ಓಡಿದವರು, ದೀರ್ಘಕಾಲದ ಸೈನ್ಯಸೇವೆಗೆ ಹೆದರಿ ತಪ್ಪಿಸಿಕೊಂಡವರು, ಹಸಿವಿನಿಂದ ದನ ಕದ್ದವರು, ಇಂಥವರು ಅಲ್ಲಿ ಬಂದಿಗಳಾಗುತ್ತಿದ್ದರು. ಇಂಥ ಅಲೆಮಾರಿಗಳನ್ನು ಜನ ಕಳ್ಳರೆಂದು ಕರೆಯದೆ ‘ಬಡ ಹುಡುಗರು’ ಎಂದು ಕರೆದರು. ಕಾನೂನು ಹೊರಗೆ ಹಾಕಿದವರನ್ನು ಹಾಡು ಒಳಗೆ ಕರೆದುಕೊಂಡ ಬಗೆ ಇದು. ಸೆರೆಮನೆಯ ಕಾವಲುಗಾರನು ಮನುಷ್ಯನನ್ನು ತಡೆಯಬಲ್ಲ. ಮಾಡಿನ ಮೇಲೆ ಬಂದು ಕುಳಿತ ಹಕ್ಕಿಯನ್ನು ತಡೆಯಲಾರ.

ಜನಪದರ ಈ ನವಿಲನ್ನು ಹೊಸ ಕಾಲಕ್ಕೆ ಕರೆತಂದವನು ಎಂಡ್ರೆ ಆಡಿ ಎಂಬ ಕವಿ. 1877ರಲ್ಲಿ ಹುಟ್ಟಿದ ಆಡಿ 1919ರಲ್ಲಿ ತೀರಿಕೊಂಡನು. 1904ರಲ್ಲಿ ಮೊದಲ ಬಾರಿಗೆ ಪ್ಯಾರಿಸ್ ನಗರಕ್ಕೆ ಹೋಗಿಬಂದ ಅವನು ತನ್ನ ದೇಶದ ಹಿಂದುಳಿದ ಸ್ಥಿತಿಯನ್ನು ಕಟುವಾಗಿ ಟೀಕಿಸಿದನು. ಹಳಬರು ಅವನನ್ನು ಪರದೇಶದ ಗಾಳಿ ಸೋಂಕಿದವನೆಂದೂ ನಿಜವಾದ ಮಜ್ಯಾರನಲ್ಲವೆಂದೂ ದೂರಿದರು. ಬೆಟ್ಟದ ಮೇಲೆ ಕಂಚಿನ ತುರುಲ್ ರೆಕ್ಕೆ ಬಿಚ್ಚಿ ನಿಂತ 1907ರಲ್ಲಿಯೇ ಆಡಿ ತನ್ನ ಪ್ರಸಿದ್ಧವಾದ ನವಿಲಿನ ಕವಿತೆಯನ್ನು ಬರೆದನು. ಜನಪದ ಗೀತೆಯ ನವಿಲು ಅವನ ಕವಿತೆಯಲ್ಲಿ ಬರಲಿರುವ ಹೊಸ ಕಾಲದ ದೂತನಾಯಿತು. ಹಳೆಯ ಕಚೇರಿಗಳ ಗೋಡೆಗಳು ಬಿರಿಯಬೇಕು, ಇಲ್ಲವೇ ಎಲ್ಲವೂ ಈಗಿರುವಂತೆಯೇ ಉಳಿಯಬೇಕು ಎಂಬ ಎಚ್ಚರಿಕೆ ಆ ಕವಿತೆಯ ಸಾರ. ಒಂದೇ ವರ್ಷದಲ್ಲಿ ಒಂದೇ ದೇಶದಲ್ಲಿ ಎರಡು ಹಕ್ಕಿಗಳು ಎದುರುಬದುರಾದವು: ಒಂದು ಹಿಂದಿನ ವೈಭವವನ್ನು ಕಾಯುವ ಹಕ್ಕಿ, ಇನ್ನೊಂದು ಸೆರೆಯ ಬಾಗಿಲನ್ನು ನೋಡುವ ಹಕ್ಕಿ.

ಸಂಗೀತಗಾರ ಜೋಲ್ಟಾನ್ ಕೊಡಾಯ್ ಈ ನವಿಲಿಗೆ ದೊಡ್ಡ ವಾದ್ಯವೃಂದದ ದನಿಯನ್ನು ಕೊಟ್ಟನು. ಅವನೂ ಅವನ ಗೆಳೆಯ ಬೇಲಾ ಬಾರ್ಟೋಕನೂ ಹಳ್ಳಿ ಹಳ್ಳಿ ತಿರುಗಿ, ಧ್ವನಿಮುದ್ರಣ ಯಂತ್ರವನ್ನು ಹೊತ್ತು, ಮುದುಕ ಮುದುಕಿಯರ ಬಾಯಿಂದ ಸಾವಿರಾರು ಹಾಡುಗಳನ್ನು ಸಂಗ್ರಹಿಸಿದವರು. ಹಳೆಯ ಮಜ್ಯಾರ್ ಹಾಡುಗಳಲ್ಲಿ ಅನೇಕವು ಐದೇ ಸ್ವರಗಳ ಮೇಲೆ ನಿಂತಿರುವುದನ್ನು ಅವರು ಕಂಡುಕೊಂಡರು. ನವಿಲಿನ ಹಾಡು ಆ ಗುಂಪಿಗೆ ಸೇರಿದ್ದು. ಅದರ ಐದು ಸ್ವರಗಳನ್ನು ನಮ್ಮ ಸಂಗೀತದ ಶುದ್ಧ ಧನ್ಯಾಸಿ ರಾಗದ ಸ್ವರಗಳೊಡನೆ ಹೋಲಿಸಬಹುದು. ಅದರ ನಡೆ ಮೇಲಿನಿಂದ ಆರಂಭವಾಗಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಹಕ್ಕಿಯೊಂದು ಎತ್ತರದಿಂದ ಇಳಿದು ಕೂರುವಂತೆ ಕೇಳಿಸುತ್ತದೆ.

ಕೊಡಾಯ್ 1937ರಲ್ಲಿ ಆಡಿಯ ಕವಿತೆಯನ್ನು ಈ ಹಳೆಯ ಧಾಟಿಯಲ್ಲಿಯೇ ಗಂಡಸರ ಮೇಳಗಾನಕ್ಕೆ ಅಳವಡಿಸಿದನು. ಅನಂತರ ಅದೇ ಧಾಟಿಯನ್ನು ಆಧಾರವಾಗಿಟ್ಟುಕೊಂಡು ವಾದ್ಯವೃಂದಕ್ಕಾಗಿ ಒಂದು ದೊಡ್ಡ ಕೃತಿಯನ್ನು ರಚಿಸಿದನು. ಅದು ಮೊದಲು ನುಡಿದದ್ದು 1939ರ ನವೆಂಬರಿನಲ್ಲಿ, ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ. ಎರಡನೆಯ ಮಹಾಯುದ್ಧ ಆಗತಾನೆ ಆರಂಭವಾಗಿತ್ತು. ಆರಂಭದಲ್ಲಿ ತಗ್ಗುದನಿಯ ತಂತಿವಾದ್ಯಗಳು ಹಾಡನ್ನು ಮೆಲ್ಲಗೆ, ನೆಲಮನೆಯೊಳಗಿನಿಂದ ಬಂದಂತೆ ನುಡಿಯುತ್ತವೆ. ಬಳಿಕ ಅದೇ ಹಾಡು ಹದಿನಾರು ಬಗೆಗಳಲ್ಲಿ ರೂಪ ಬದಲಿಸುತ್ತದೆ. ನಡುವೆ ಶವಯಾತ್ರೆಯ ಭಾರವಾದ ಹೆಜ್ಜೆಯೂ ಕೇಳಿಸುತ್ತದೆ. ಕೊನೆಯಲ್ಲಿ ಹಳ್ಳಿಯ ಕುಣಿತದ ಹುರುಪಿನೊಡನೆ ಕೃತಿ ಮುಗಿಯುತ್ತದೆ. ಮಾತೇ ಇಲ್ಲದ ಈ ಸಂಗೀತದಲ್ಲಿಯೂ ಹಾಡಿನ ಮಾತುಗಳನ್ನು ಬಲ್ಲ ಹಂಗೇರಿಯನ್ನರಿಗೆ ಬಿಡುಗಡೆಯ ಕರೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ನವಿಲು ಸೆರೆಯಾಳಿನ ಹಕ್ಕಿಯಾದರೆ, ಕೊಕ್ಕರೆ ದೇಶಭ್ರಷ್ಟನ ಹಕ್ಕಿ. ಹಂಗೇರಿಯ ಹಳ್ಳಿಗಳಲ್ಲಿ ಬಿಳಿಯ ಕೊಕ್ಕರೆಗಳು ಮನೆಯ ಹೊಗೆಗೂಡಿನ ಮೇಲೆ ಕಡ್ಡಿಗಳಿಂದ ದೊಡ್ಡ ಗೂಡು ಕಟ್ಟುತ್ತವೆ. ಬೇಸಗೆ ಮುಗಿಯುತ್ತಿದ್ದಂತೆ, ಆಗಸ್ಟ್ ತಿಂಗಳ ಕೊನೆಯ ವೇಳೆಗೆ, ಗುಂಪುಗೂಡಿ ಆಫ್ರಿಕ ಖಂಡಕ್ಕೆ ಹಾರಿಹೋಗುತ್ತವೆ. ವಸಂತದಲ್ಲಿ ಮರಳಿ ಬಂದು ಹಳೆಯ ಗೂಡನ್ನೇ ಸೇರುತ್ತವೆ. ಹೋಗುವುದನ್ನೂ ಮರಳುವುದನ್ನೂ ಒಟ್ಟಿಗೆ ಕಲಿಸುವ ಹಕ್ಕಿ ಇದು. ಅಲ್ಲಿಯ ಮಕ್ಕಳ ಪದವೊಂದರಲ್ಲಿ ಕೊಕ್ಕರೆಯ ಕಾಲಿಗೆ ತುರ್ಕಿಯ ಹುಡುಗನು ಗಾಯ ಮಾಡಿದ್ದಾನೆ. ಮಜ್ಯಾರ್ ಹುಡುಗನು ವಾದ್ಯ ನುಡಿಸಿ ಅದನ್ನು ವಾಸಿಮಾಡುತ್ತಾನೆ. ರಾಜಧಾನಿ ಬುಡಾ 1541ರಿಂದ 1686ರವರೆಗೆ ತುರ್ಕರ ವಶದಲ್ಲಿದ್ದ ಕಾಲದ ನೆನಪು ಆ ಪದದಲ್ಲಿ ಅಡಗಿದೆ.

ತುರ್ಕರು ಹೋದ ಮೇಲೆ ಹಂಗೇರಿ ಆಸ್ಟ್ರಿಯದ ಚಕ್ರವರ್ತಿಗಳಿಗೆ ಅಧೀನವಾಯಿತು. ಅವರ ವಿರುದ್ಧ ಫೆರೆಂಟ್ಸ್ ರಾಕೋಟ್ಸಿ ಎಂಬ ರಾಜಕುಮಾರನು 1703ರಿಂದ 1711ರವರೆಗೆ ನಡೆಸಿದ ಹೋರಾಟ ಸೋತಿತು. ಅವನು ದೇಶ ಬಿಟ್ಟು, ಕೊನೆಗೆ ತುರ್ಕಿಯ ಕಡಲತೀರದ ಊರೊಂದರಲ್ಲಿ ನೆಲೆಸಿ, 1735ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನು. ಮನೆಗೆ ಮರಳಲಾರದವನೊಬ್ಬನು ಪುಟ್ಟ ಹಕ್ಕಿಯನ್ನು ಕರೆದು, ತಾಯ್ನಾಡಿಗೆ ತನ್ನ ಓಲೆಯನ್ನು ಒಯ್ಯುವಂತೆ ಬೇಡುವ ಹಾಡುಗಳು ಹಂಗೇರಿಯ ಜನಪದದಲ್ಲಿ ಉಂಟು. ಇಂತಹ ಹಾಡುಗಳ ಹಿಂದಿನ ನೋವನ್ನು ರಾಕೋಟ್ಸಿಯಂಥವರ ಬಾಳಿನಿಂದ ಊಹಿಸಬಹುದು.

ಮುಂದೆ 19ನೆಯ ಶತಮಾನದಲ್ಲಿ ಶಾಂಡೋರ್ ಪೆಟೋಫಿ ಎಂಬ ಯುವಕವಿ ಕೊಕ್ಕರೆಯನ್ನು ಕುರಿತು ಬರೆದನು. ಅವನ ತಾಯಿ ಹುಟ್ಟಿನಿಂದ ಸ್ಲೋವಾಕ್ ಭಾಷೆಯವಳು. ನಾಟಕದ ಕಂಪನಿಗಳ ಬೆನ್ನುಹತ್ತಿ, ಹಸಿವು ಚಳಿಗಳನ್ನುಂಡು ಅಲೆದ ಆ ಹುಡುಗನೇ ಹಂಗೇರಿಯ ರಾಷ್ಟ್ರಕವಿಯಾದನು. 1847ರಲ್ಲಿ ಬರೆದ ಕವಿತೆಯಲ್ಲಿ ಅವನು ಕೋಗಿಲೆಯಂತೆ ಹಾಡದ, ಬಣ್ಣದ ಗರಿಗಳಿಲ್ಲದ ಕೊಕ್ಕರೆಯನ್ನೇ ತನ್ನ ಮೆಚ್ಚಿನ ಹಕ್ಕಿಯೆಂದು ಆರಿಸಿಕೊಂಡನು. ಮರುವರ್ಷ, 1848ರ ಮಾರ್ಚ್ 15ರಂದು, ಕ್ರಾಂತಿ ಸಿಡಿಯಿತು. ಪೆಟೋಫಿ ಸೈನಿಕನಾದನು. 1849ರ ಜುಲೈ 31ರಂದು ಯುದ್ಧಭೂಮಿಯಲ್ಲಿ ಅವನು ಕಣ್ಮರೆಯಾದಾಗ ಅವನಿಗೆ ಕೇವಲ 26 ವರ್ಷ. ಆಗಸ್ಟ್ ತಿಂಗಳಲ್ಲಿ ಹಂಗೇರಿಯ ಸೇನೆ ಶರಣಾಯಿತು. ಅಕ್ಟೋಬರ್ 6ರಂದು ಹದಿಮೂರು ಮಂದಿ ಸೇನಾನಾಯಕರನ್ನು ಅರಾಡ್ ನಗರದಲ್ಲಿ ಕೊಲ್ಲಲಾಯಿತು. ನಾಯಕ ಲಾಯೋಶ್ ಕೊಶೂಟ್ ಮತ್ತು ಅವನ ಅನೇಕ ಸಂಗಡಿಗರು ಗಡಿ ದಾಟಿ ದೇಶಭ್ರಷ್ಟರಾದರು.

ಮರುವರ್ಷದ ವಸಂತ ಎಂದಿನಂತೆ ಬಂದಿತು, ಕೊಕ್ಕರೆಯೂ ಬಂದಿತು. ಆಗ ಮಿಹಾಯ್ ಟೊಂಪಾ ಎಂಬ ಹಳ್ಳಿಯ ಪಾದ್ರಿಯೊಬ್ಬನು ಕೊಕ್ಕರೆಯನ್ನು ಸಂಬೋಧಿಸಿ ಒಂದು ಕವಿತೆ ಬರೆದನು. ಗದ್ದೆ ತೋಟಗಳಿಗೆ ವಸಂತ ಮರಳಿದ್ದರೂ ನಾಡಿಗೆ ಮಾತ್ರ ಮರಳಿಲ್ಲ. ಆದುದರಿಂದ ನೀನು ಇಲ್ಲಿ ನಿಲ್ಲದೆ ಹಿಂದಿರುಗು, ಅಲ್ಲಿರುವ ನಮ್ಮವರಿಗೆ ಇಲ್ಲಿಯ ದುಃಸ್ಥಿತಿಯನ್ನು ತಿಳಿಸು ಎಂಬುದು ಅದರ ಭಾವ. ಸಾಮಾನ್ಯವಾಗಿ ಕವಿಗಳು ವಸಂತದ ಹಕ್ಕಿಯನ್ನು ಸ್ವಾಗತಿಸುತ್ತಾರೆ. ಟೊಂಪಾ ಅದನ್ನು ಮರಳಿ ಕಳುಹಿಸಿದನು. ಇಡೀ ದೇಶವೇ ತನ್ನ ಮನೆಯಲ್ಲಿ ತಾನು ಪರಕೀಯವಾದಾಗ, ಹಕ್ಕಿಗೆ ಅಲ್ಲಿ ಗೂಡು ಎಲ್ಲಿಯದು? ಕವಿತೆಯ ಹಸ್ತಪ್ರತಿಗಳು ಕೈಯಿಂದ ಕೈಗೆ ಗುಟ್ಟಾಗಿ ಸಾಗಿದವು. ಅಧಿಕಾರಿಗಳು ಕವಿಯನ್ನು ಕರೆಸಿ ವಿಚಾರಣೆಗೆ ಗುರಿಮಾಡಿದರು. ಒಂದು ಕೊಕ್ಕರೆಯ ಕವಿತೆಗೆ ಸಾಮ್ರಾಜ್ಯವೇ ಅಂಜಿತೆಂಬುದು ಸಂಕೇತದ ಶಕ್ತಿಗೆ ಸಾಕ್ಷಿ.

ಹಾರಿಹೋಗಲಾರದ ಕೊಕ್ಕರೆಯ ಕಥೆಯೂ ಇದೆ. ಇಶ್ಟ್ವಾನ್ ಫೆಕೆಟೆ ಎಂಬ ಲೇಖಕನ ‘ಕೆಲೆ’ ಎಂಬ ಕಾದಂಬರಿ 1955ರಲ್ಲಿ ಪ್ರಕಟವಾಯಿತು. ಗುಂಡೇಟಿನಿಂದ ರೆಕ್ಕೆ ನೋಯಿಸಿಕೊಂಡ ಕೊಕ್ಕರೆಯೊಂದು ತನ್ನ ಬಳಗದೊಡನೆ ದಕ್ಷಿಣಕ್ಕೆ ಹೋಗಲಾಗದೆ, ಒಬ್ಬ ಒಕ್ಕಲಿಗನ ಹಟ್ಟಿಯಲ್ಲಿ ಚಳಿಗಾಲವನ್ನು ಕಳೆಯುತ್ತದೆ. ಅಲ್ಲಿರುವ ನಾಯಿ, ಕತ್ತೆ ಮೊದಲಾದ ಸಾಕುಪ್ರಾಣಿಗಳ ನಡುವೆ ಅದು ಹೊರಗಿನದು. ಅದು ನೋಡದ ಹಿಮವನ್ನು ನೋಡಬೇಕು. ತಿಳಿಯದ ರೀತಿಗಳನ್ನು ಕಲಿಯಬೇಕು. ಆದರೆ ಮೆಲ್ಲಮೆಲ್ಲನೆ ಆ ಹಟ್ಟಿಯ ಜೀವಿಗಳಿಗೂ ಕೊಕ್ಕರೆಗೂ ನಡುವೆ ನಂಬಿಕೆ ಬೆಳೆಯುತ್ತದೆ. ಹೊರಗಿನವನಿಗೆ ಬೇಕಾದುದು ದೊಡ್ಡ ಮಾತಲ್ಲ, ಚಳಿಯ ರಾತ್ರಿಗೆ ಒಂದು ಮೂಲೆ ಎಂಬ ಸರಳವಾದ ಸತ್ಯ ಈ ಕಥೆಯಲ್ಲಿದೆ.

ಆದರೆ ಆ ದೇಶ ಎಲ್ಲರಿಗೂ ಅಂತಹ ಮೂಲೆಯನ್ನು ಕೊಡಲಿಲ್ಲ. ಹಂಗೇರಿಯಲ್ಲಿ ಯಹೂದಿಯರು ಶತಮಾನಗಳಿಂದ ಬಾಳಿದ್ದರು. 18ನೆಯ ಶತಮಾನದ ಉತ್ತರಾರ್ಧ ಮತ್ತು 19ನೆಯ ಶತಮಾನದ ಆರಂಭದಲ್ಲಿ ನಾಜ್‌ಕಾಲ್ಲೋ ಎಂಬ ಊರಿನಲ್ಲಿ ಐಸಾಕ್ ಟೌಬ್ ಎಂಬ ಯಹೂದಿ ಧರ್ಮಗುರು ಇದ್ದರು. ಅವರು ತೀರಿಕೊಂಡದ್ದು 1821ರಲ್ಲಿ. ಅವರ ಕುರಿತು ಒಂದು ಐತಿಹ್ಯವುಂಟು. ಒಂದು ದಿನ ಅವರು ಹೊಲದ ಕಡೆ ಹೋಗುತ್ತಿದ್ದಾಗ ಕುರಿಕಾಯುವ ಹುಡುಗನೊಬ್ಬ ಕೋಳಿ ಕೂಗುವ ಬೆಳಗನ್ನೂ ಕಾಡಿನಲ್ಲಿ ನಡೆದಾಡುವ ಹಕ್ಕಿಯನ್ನೂ ಕುರಿತು ಹಾಡುತ್ತಿದ್ದನಂತೆ. ಗುರುಗಳ ಮನಸ್ಸು ಕರಗಿತು. ಅವರು ಹಣ ಕೊಟ್ಟು ಹಾಡನ್ನು ಕೊಂಡರು. ಮರುಗಳಿಗೆಯಲ್ಲಿ ಗುರುಗಳಿಗೆ ಹಾಡು ಬಾಯಿಪಾಠವಾಯಿತು, ಹುಡುಗನಿಗೆ ಮರೆತುಹೋಯಿತು. ಅಂದಿನಿಂದ ಆ ಮಜ್ಯಾರ್ ಹಾಡು ಯಹೂದಿಯರ ಭಕ್ತಿಗೀತೆಯಾಯಿತು. ಅದರ ಹಕ್ಕಿಯಲ್ಲಿ ಅವರು, ತಮ್ಮ ಪುರಾತನ ದೇಗುಲ ಮತ್ತೆ ಎದ್ದುನಿಲ್ಲುವ ದಿನಕ್ಕಾಗಿ ಕಾಯುತ್ತಿರುವ ತಮ್ಮ ಜನಾಂಗವನ್ನೇ ಕಂಡರು.

ಕುರಿಗಾಹಿಯ ಹಾಡನ್ನು ಯಹೂದಿ ಗುರು ಒಪ್ಪಿಕೊಂಡಂತೆ ದೇಶವು ಯಹೂದಿಯರನ್ನು ಒಪ್ಪಿಕೊಳ್ಳಲಿಲ್ಲ. ಮೊದಲನೆಯ ಮಹಾಯುದ್ಧದ ಅನಂತರ, 1919ರಲ್ಲಿ, ತುರುಲ್ ಹಕ್ಕಿಯ ಹೆಸರನ್ನೇ ಇಟ್ಟುಕೊಂಡ ವಿದ್ಯಾರ್ಥಿ ಸಂಘವೊಂದು ಹುಟ್ಟಿ, ಯಹೂದಿಯರನ್ನು ವಿಶ್ವವಿದ್ಯಾನಿಲಯಗಳಿಂದ ದೂರವಿಡಬೇಕೆಂದು ಕೂಗೆಬ್ಬಿಸಿತು. 1920ರಲ್ಲಿ ಅವರ ಪ್ರವೇಶಕ್ಕೆ ಮಿತಿ ಹಾಕುವ ಕಾನೂನೂ ಬಂದಿತು. ಕೊನೆಗೆ 1944ರ ಮೇ ತಿಂಗಳಿಂದ ಜುಲೈವರೆಗಿನ ಎಂಟು ವಾರಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಯಹೂದಿಯರನ್ನು ರೈಲುಗಳಲ್ಲಿ ತುಂಬಿ ಒಯ್ಯಲಾಯಿತು. ಅವರಲ್ಲಿ ಬಹುಮಂದಿ ಆಶ್‌ವಿಟ್ಸ್ ಎಂಬ ಮರಣಶಿಬಿರದಲ್ಲಿ ಮಡಿದರು. ಹಕ್ಕಿಯ ಸಂಕೇತವೂ ಕೈಬದಲಾದಾಗ ಆಯುಧವಾಗಬಲ್ಲದೆಂಬುದನ್ನು ಈ ದುರಂತ ತೋರಿಸುತ್ತದೆ.

ಹಾಡಿದವರು ಹೋದರು, ಹಾಡು ಪೂರ್ತಿಯಾಗಿ ಹೋಗಲಿಲ್ಲ. ಯಹೂದಿಯರ ಮದುವೆ ಹಬ್ಬಗಳಲ್ಲಿ ಪಿಟೀಲು ನುಡಿಸುತ್ತಿದ್ದವರಲ್ಲಿ ರೋಮಾ ಜನಾಂಗದ ವಾದ್ಯಗಾರರೂ ಇದ್ದರು. ಅವರೂ ಸಮಾಜದ ಅಂಚಿನಲ್ಲಿ ಬಾಳಿದವರು. ಯುದ್ಧಕಾಲದಲ್ಲಿ ಅವರಲ್ಲಿಯೂ ಅನೇಕರು ಕೊಲೆಯಾದರು. ಉಳಿದ ಮುದಿ ವಾದ್ಯಗಾರರ ನೆನಪಿನಲ್ಲಿ ಯಹೂದಿಯರ ಧಾಟಿಗಳು ಉಳಿದಿದ್ದವು. ‘ಮುಜಿಕಾಶ್’ ಎಂಬ ಹಂಗೇರಿಯನ್ ಜನಪದ ವಾದ್ಯತಂಡ ಅಂಥವರನ್ನು ಹುಡುಕಿ, ಕಲಿತು, 1993ರಲ್ಲಿ ಆ ಸಂಗೀತವನ್ನು ಧ್ವನಿಮುದ್ರಿಸಿ ಲೋಕಕ್ಕೆ ಕೇಳಿಸಿತು. ಕೋಳಿ ಕೂಗುವ ಹಾಡೂ ಅದರಲ್ಲಿದೆ. ಮಜ್ಯಾರ್ ಕುರಿಗಾಹಿಯ ಹಾಡು ಯಹೂದಿ ಗುರುವಿಗೆ ಸಂದಿತು. ಯಹೂದಿಯರ ರಾಗಗಳನ್ನು ರೋಮಾ ವಾದ್ಯಗಾರರು ಕಾಪಾಡಿದರು. ಅವು ಮತ್ತೆ ಮಜ್ಯಾರ್ ಯುವಕರ ಕೈಸೇರಿದವು. ಹೊರಗುಳಿದವನ ಹಾಡನ್ನು ಇನ್ನೊಬ್ಬ ಹೊರಗುಳಿದವನು ಕಾಯ್ದದ್ದು ಈ ಕಥೆಯ ದೊಡ್ಡ ಮಾತು.

ಕೊನೆಯದಾಗಿ ಬೇಲಾ ಬಾರ್ಟೋಕನನ್ನು ನೆನೆಯಬೇಕು. ಅವನು ಮಜ್ಯಾರರ ಹಾಡುಗಳನ್ನಷ್ಟೇ ಅಲ್ಲದೆ ರುಮೇನಿಯನ್ನರ, ಸ್ಲೋವಾಕರ ಹಾಡುಗಳನ್ನೂ ಅಷ್ಟೇ ಪ್ರೀತಿಯಿಂದ ಸಂಗ್ರಹಿಸಿದನು. ಅದಕ್ಕಾಗಿ ಸ್ವದೇಶದಲ್ಲಿಯೂ ನೆರೆನಾಡಿನಲ್ಲಿಯೂ ನಿಂದೆಗೆ ಗುರಿಯಾದನು. ಹಿಟ್ಲರನ ನೆರಳು ಹಂಗೇರಿಯ ಮೇಲೆ ಬೀಳುತ್ತಿದ್ದಂತೆ 1940ರಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದನು. ಅಲ್ಲಿ ಅವನನ್ನು ಅರಿತವರು ಕಡಿಮೆ. ರೋಗ ಬೇರೆ ಹಿಡಿದಿತ್ತು. 1943ರ ಕೊನೆಯಿಂದ 1944ರ ವಸಂತದವರೆಗೆ ಆಶ್‌ವಿಲ್ ಎಂಬ ಬೆಟ್ಟದ ಊರಿನಲ್ಲಿ ವಿಶ್ರಾಂತಿಗಾಗಿ ತಂಗಿದ್ದಾಗ, ಕಿಟಕಿಯಾಚೆಯ ಅಪರಿಚಿತ ಹಕ್ಕಿಗಳ ಕೂಗನ್ನು ಕೇಳಿ ಸ್ವರಲಿಪಿಯಲ್ಲಿ ಬರೆದುಕೊಂಡನು. ಹಳ್ಳಿಯ ಮುದುಕಿಯರ ಹಾಡುಗಳನ್ನು ಬರೆದುಕೊಂಡ ಕೈ ಅದೇ ಶ್ರದ್ಧೆಯಿಂದ ಪರನಾಡಿನ ಹಕ್ಕಿಗಳ ಹಾಡನ್ನೂ ಬರೆಯಿತು. 1945ರಲ್ಲಿ ಹೆಂಡತಿಗಾಗಿ ರಚಿಸಿದ ಮೂರನೆಯ ಪಿಯಾನೋ ಕೃತಿಯ ನಡುಭಾಗದಲ್ಲಿ, ಪ್ರಾರ್ಥನೆಯಂತಹ ನಿಧಾನವಾದ ಸಂಗೀತದ ನಡುವೆ, ಆ ಹಕ್ಕಿಗಳು ಕೂಗುತ್ತವೆ. ಕೃತಿಯ ಕೊನೆಯ ಹದಿನೇಳು ತಾಳಾವರ್ತಗಳ ವಾದ್ಯಜೋಡಣೆ ಉಳಿದಿರುವಾಗಲೇ, ಸೆಪ್ಟೆಂಬರ್ 26ರಂದು, ಬಾರ್ಟೋಕ್ ತೀರಿಕೊಂಡನು. ಗೆಳೆಯನೊಬ್ಬನು ಅದನ್ನು ಪೂರೈಸಿದನು.

ಕೊಕ್ಕರೆ ವರ್ಷಕ್ಕೊಮ್ಮೆ ಮರಳುತ್ತದೆ. ದೇಶಭ್ರಷ್ಟನಿಗೆ ಆ ಭಾಗ್ಯವಿಲ್ಲ. ತುರ್ಕಿಯಲ್ಲಿ ಮಡಿದ ರಾಕೋಟ್ಸಿಯ ಅಸ್ಥಿಗಳು ತಾಯ್ನಾಡಿಗೆ ಬಂದದ್ದು 1906ರಲ್ಲಿ. ಕೊಶೂಟ್ ಇಟಲಿಯಲ್ಲಿ ಪ್ರಾಣಬಿಟ್ಟ ಮೇಲೆ, 1894ರಲ್ಲಿ, ಅವನ ದೇಹವನ್ನು ತಂದು ಬುಡಾಪೆಸ್ಟ್ ನಗರದಲ್ಲಿ ಮಣ್ಣುಮಾಡಿದರು. ಬಾರ್ಟೋಕನ ಅವಶೇಷಗಳು 1988ರಲ್ಲಿ ಅಮೆರಿಕದಿಂದ ಬಂದು ಅದೇ ನಗರದ ಮಣ್ಣನ್ನು ಸೇರಿದವು. ಬದುಕಿದ್ದಾಗ ದಾಟಲಾಗದ ಗಡಿಯನ್ನು ಅವರು ಸತ್ತ ಮೇಲೆ ದಾಟಿದರು. ಆ ನಡುವಿನ ದೀರ್ಘ ಕಾಲದಲ್ಲಿ ಅವರ ಪರವಾಗಿ ಗಡಿ ದಾಟುತ್ತಿದ್ದುದು ಹಾಡು. ಆ ಹಾಡಿಗೆ ಜನ ಕೊಟ್ಟ ರೂಪ ಹಕ್ಕಿ.

ಇಂದು ಹಂಗೇರಿಯ ಹಳ್ಳಿಗಳಲ್ಲಿ ಹಳೆಯ ಹಾಡುಗಳನ್ನು ಹಾಡುವ ಮೇಳಗಳಿಗೆ ‘ನವಿಲು ಮೇಳ’ ಎಂಬ ಹೆಸರುಂಟು. ಸೆರೆಯಾಳುಗಳ ಹಕ್ಕಿ ಈಗ ಇಡೀ ನಾಡಿನ ಹಕ್ಕಿಯಾಗಿದೆ. ಹೊರಗಿನವರೆಂದು ಒಂದು ಕಾಲ ದೂರವಿಟ್ಟವರ ದನಿಯೇ ಮುಂದೆ ನಾಡಿನ ಹೆಮ್ಮೆಯ ದನಿಯಾಗುವುದುಂಟು. ನಮ್ಮ ಬಾಗಿಲಿನ ಹೊರಗೆ ಹಾಡುತ್ತಿರುವವನು ಯಾರೆಂದು, ಅವನು ತೀರಿಹೋಗುವ ಮುನ್ನವೇ ಕಿವಿಗೊಟ್ಟು ಕೇಳಬೇಕೆಂಬುದು ಆ ದೂರದೇಶದ ಹಕ್ಕಿಗಳು ಕಲಿಸುವ ಪಾಠ.